ಸಕ್ಕರೆ ಕಾಯಿಲೆಗೆ ಪ್ರಕೃತಿ ಚಿಕಿತ್ಸೆ, ಪಥ್ಯಾಹಾರ: ಈಗ ನಡೆಯುತ್ತಿರುವ ಮಾತ್ರೆಗಳನ್ನು ಏನು ಮಾಡಬೇಕು?

ಪ್ರಶ್ನೆ: ಬೆಣ್ಣೆನಗರಿ (ದಾವಣಗೆರೆ)

ಮಾನ್ಯರೇ, ನನ್ನ ತಾಯಿಯವರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವರಿಗೆ ಈಗ 58 ವರ್ಷ. ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ರಕ್ತದೊತ್ತಡ ಅದಕ್ಕಿಂತ ಹಳೆಯದು. ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್, ಎರಡು ಹೊತ್ತು ಊಟದ ನಂತರ ಮೆಟ್‌ಫಾರ್ಮಿನ್, ಒತ್ತಡಕ್ಕೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದಾರೆ. ಇತ್ತೀಚಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ) 7.9 ಬಂದಿದೆ. ತೂಕ 74 ಕಿಲೊ, ಎತ್ತರ ಐದು ಅಡಿ ಎರಡು ಅಂಗುಲ.

ನಮ್ಮ ಸೋದರಮಾವ ಪ್ರಕೃತಿ ಚಿಕಿತ್ಸೆಯಲ್ಲಿ ಬಹಳ ನಂಬಿಕೆಯುಳ್ಳವರು. ಹತ್ತು ದಿನ ಒಂದು ಕೇಂದ್ರದಲ್ಲಿ ಇದ್ದು ಬಂದರೆ ದೇಹವೆಲ್ಲ ಶುದ್ಧಿಯಾಗಿ ಸಕ್ಕರೆ ತಾನಾಗಿಯೇ ಹತೋಟಿಗೆ ಬರುತ್ತದೆ ಎಂಬುದು ಅವರ ವಾದ. ಇನ್ನೊಂದು ಕಡೆ, ನಮ್ಮ ಬಡಾವಣೆಯಲ್ಲಿ ತಮ್ಮನ್ನು ಪೌಷ್ಟಿಕ ಚಿಕಿತ್ಸಕರೆಂದು ಕರೆದುಕೊಳ್ಳುವ ಒಬ್ಬರು ತಿಂಗಳಿಗೆ ಆರು ಸಾವಿರ ರೂಪಾಯಿಯ ಪುಡಿ ಡಬ್ಬಿಗಳನ್ನು ಕೊಂಡರೆ ಮಾತ್ರೆಗಳನ್ನೆಲ್ಲ ಒಂದೇ ತಿಂಗಳಲ್ಲಿ ಬಿಡಿಸುವುದಾಗಿ ಹೇಳುತ್ತಿದ್ದಾರೆ. ಅಮ್ಮನಿಗೆ ಮಾತ್ರೆ ಬಿಡುವ ಆಸೆ ಎಷ್ಟಿದೆಯೆಂದರೆ ಯಾರು ಅದನ್ನು ಹೇಳಿದರೂ ಅವರ ಕಡೆ ವಾಲುತ್ತಾರೆ.

ಮನೆಯ ಊಟ ಹೀಗಿದೆ: ಬೆಳಿಗ್ಗೆ ಅವಲಕ್ಕಿ ಅಥವಾ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪಲ್ಯ, ಅದರ ಮೇಲೆ ಒಂದು ತಟ್ಟೆ ಅನ್ನ ಸಾರು, ಸಂಜೆ ಚಹಾದ ಜೊತೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ.

ಪ್ರಕೃತಿ ಚಿಕಿತ್ಸೆಯಿಂದ ನಿಜವಾಗಿ ಏನು ಸಾಧ್ಯ, ಏನು ಸಾಧ್ಯವಿಲ್ಲ? ಅಲ್ಲಿಗೆ ಹೋಗುವುದಾದರೆ ಮಾತ್ರೆಗಳನ್ನು ಏನು ಮಾಡಬೇಕು? ಹೋಗದೆ ಮನೆಯಲ್ಲೇ ಊಟ ಬದಲಾಯಿಸಿಕೊಂಡರೆ ಅಷ್ಟೇ ಪ್ರಯೋಜನವಾಗುತ್ತದೆಯೇ? ದಯವಿಟ್ಟು ಅನುಭವ ಅಥವಾ ಓದು ಇರುವವರು ಬರೆಯಿರಿ.

ಉತ್ತರ: ಮಣ್ಣುಪಟ್ಟಿ

ನಾನು ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ) ಪದವಿ ಪಡೆದು ಕರಾವಳಿಯ ಒಂದು ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ವೈದ್ಯೆ. ಹಾಗಾಗಿ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ನಿಮ್ಮ ಪ್ರಶ್ನೆಗಳಲ್ಲಿ ಎರಡನೆಯದಕ್ಕೇ ನಾನು ಮೊದಲು ಉತ್ತರಿಸಬೇಕು, ಏಕೆಂದರೆ ಅಪಾಯವಿರುವುದು ಅಲ್ಲಿಯೇ.

ನಿಮ್ಮ ತಾಯಿಯವರ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಸುರಿಸುತ್ತದೆ. ಹೊಟ್ಟೆಗೆ ಊಟ ಬಂತೇ ಇಲ್ಲವೇ ಎಂದು ಅದು ನೋಡುವುದಿಲ್ಲ. ನಮ್ಮಲ್ಲಿ ಸೇರಿದವರಿಗೆ ಮೊದಲ ಎರಡು ಮೂರು ದಿನ ಬೇಯಿಸಿದ ತರಕಾರಿ ಮತ್ತು ಹಣ್ಣು, ಆಮೇಲೆ ಕೆಲವು ದಿನ ರಸಾಹಾರ, ಮತ್ತೆ ನಿಧಾನವಾಗಿ ಘನ ಆಹಾರ ಎಂಬ ಕ್ರಮವಿರುತ್ತದೆ. ಆ ರಸಾಹಾರದ ದಿನ ಯಾರಾದರೂ ಮನೆಯ ರೂಢಿಯಂತೆ ಗ್ಲಿಮೆಪಿರೈಡ್ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯುವುದು ಶುರುವಾಗಬಹುದು. ಆದ್ದರಿಂದ ಆಹಾರ ಕಡಿಮೆ ಮಾಡುವ ಮೊದಲು ಈ ಮಾತ್ರೆಯ ಪ್ರಮಾಣವನ್ನು ಇಳಿಸಬೇಕಾಗುತ್ತದೆ, ಅನೇಕ ವೇಳೆ ನಿಲ್ಲಿಸಬೇಕಾಗುತ್ತದೆ. ಅದನ್ನು ಮಾಡಬೇಕಾದವರು ಮಾತ್ರೆ ಬರೆದುಕೊಟ್ಟ ವೈದ್ಯರು ಅಥವಾ ಅವರ ಜೊತೆ ಮಾತಾಡಿದ ಕೇಂದ್ರದ ವೈದ್ಯರು. ಸೋದರಮಾವನವರಲ್ಲ, ಪುಡಿ ಮಾರುವವರಂತೂ ಅಲ್ಲವೇ ಅಲ್ಲ. ಮೆಟ್‌ಫಾರ್ಮಿನ್‌ನಿಂದ ಈ ಅಪಾಯ ಬಹಳ ಕಡಿಮೆ.

ಹೆಸರು ಗ್ಲಿಫ್ಲೋಜಿನ್ ಎಂದು ಮುಗಿಯುವ ಇನ್ನೊಂದು ಬಗೆಯ ಮಾತ್ರೆಗಳಿವೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದವು. ನಿಮ್ಮ ತಾಯಿಯವರಿಗೆ ಅವು ಇಲ್ಲವಾದರೂ ಇಲ್ಲಿ ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ: ಇವನ್ನು ತೆಗೆದುಕೊಳ್ಳುತ್ತಲೇ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಂಡು ಆಸ್ಪತ್ರೆ ಸೇರುವಂತಾಗಬಹುದು. ಮೀಟರಿನಲ್ಲಿ ಸಂಖ್ಯೆ ಸರಿಯಾಗಿಯೇ ಕಾಣುವುದರಿಂದ ಯಾರಿಗೂ ಬೇಗ ಗೊತ್ತಾಗುವುದಿಲ್ಲ.

ಇನ್ನು ನಮ್ಮ ಪದ್ಧತಿಯ ಬಗ್ಗೆ. ಕಟಿಸ್ನಾನ (ಸೊಂಟ ಮುಳುಗುವಂತೆ ನೀರಿನ ತೊಟ್ಟಿಯಲ್ಲಿ ಕೂರುವುದು), ಹೊಟ್ಟೆಗೆ ಮಣ್ಣಿನ ಪಟ್ಟಿ, ಹಬೆ ಸ್ನಾನ, ಮಾಲೀಸು, ಇವುಗಳಿಂದ ನಿದ್ದೆ ಸುಧಾರಿಸುತ್ತದೆ, ಮೈಕೈ ನೋವು ಸಡಿಲವಾಗುತ್ತದೆ, ಮನಸ್ಸು ಹಗುರಾಗುತ್ತದೆ. ಸಕ್ಕರೆ ಕಾಯಿಲೆಯ ಮಟ್ಟಿಗೆ ಮುಖ್ಯ ಕೆಲಸ ಮಾಡುವುದು ಮಾತ್ರ ಆಹಾರ, ತೂಕ ಇಳಿಕೆ, ಯೋಗಾಸನ ಮತ್ತು ನಡಿಗೆ. ಇದನ್ನು ಒಪ್ಪಿಕೊಂಡರೆ ಪ್ರಕೃತಿ ಚಿಕಿತ್ಸೆಯ ಗೌರವವೇನೂ ಕಡಿಮೆಯಾಗುವುದಿಲ್ಲ. ಪುಣೆಯ ಹತ್ತಿರದ ಉರುಳಿಕಾಂಚನದಲ್ಲಿ 1946ರಲ್ಲಿ ಗಾಂಧೀಜಿ ಬಡವರಿಗಾಗಿ ಪ್ರಕೃತಿ ಚಿಕಿತ್ಸೆ ಆರಂಭಿಸಿದಾಗಲೂ ಅವರ ಒತ್ತು ಇದ್ದುದು ಮಿತಾಹಾರ, ಗಾಳಿ, ಬಿಸಿಲು, ನೀರು, ಚೊಕ್ಕಟ ಬದುಕು, ಇವುಗಳ ಮೇಲೆ. ಆದರೆ ಅದೇ ಗಾಂಧೀಜಿ 1924ರಲ್ಲಿ ಅಪೆಂಡಿಸೈಟಿಸ್ ಆದಾಗ ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡರು. ನಮ್ಮ ಪದ್ಧತಿಯ ಕಟ್ಟಾ ಅಭಿಮಾನಿಗಳು ಈ ಎರಡನೆಯ ಸಂಗತಿಯನ್ನು ಯಾಕೋ ಹೆಚ್ಚು ಹೇಳುವುದಿಲ್ಲ.

ಕೇಂದ್ರವನ್ನು ಆರಿಸುವಾಗ ಅಲ್ಲಿನ ವೈದ್ಯರ ಪದವಿ ಯಾವುದೆಂದು ಕೇಳಲು ಸಂಕೋಚ ಬೇಡ. ಬಿಎನ್‌ವೈಎಸ್ ಎಂದರೆ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್. ಅಂಗರಚನೆ, ಶರೀರಕ್ರಿಯೆ, ರೋಗನಿದಾನ ಎಲ್ಲವೂ ಅದರಲ್ಲಿರುತ್ತವೆ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1989ರಿಂದ ಈ ಪದವಿಗೆ ಕಲಿಸುತ್ತಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೂ ಇದೆ. ಅಂಚೆಯಲ್ಲಿ ಬಂದ ಡಿಪ್ಲೊಮಾವನ್ನು ಗೋಡೆಗೆ ತೂಗುಹಾಕಿ ಡಾಕ್ಟರ್ ಎಂದು ಬರೆದುಕೊಂಡವರು ಬೇರೆ. ಸೇರಿಸಿಕೊಳ್ಳುವ ಮೊದಲೇ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ವರದಿ ಕೇಳುವ, ದಿನಕ್ಕೆ ಕನಿಷ್ಠ ಮೂರು ಬಾರಿ ಸಕ್ಕರೆ ನೋಡುವ ಕೇಂದ್ರವಾದರೆ ಧೈರ್ಯವಾಗಿ ಹೋಗಬಹುದು. ಈಗಿರುವ ಮಾತ್ರೆಗಳ ಚೀಟಿಯನ್ನು ನೋಡದೆಯೇ ಮುಂಗಡ ಹಣ ಕಟ್ಟಿಸಿಕೊಳ್ಳುವ ಕಡೆಗೆ ಹೋಗಬೇಡಿ.

ಉತ್ತರ: ರೊಟ್ಟಿಬುಟ್ಟಿ (ಹುಬ್ಬಳ್ಳಿ)

ನಾನು ಆಸ್ಪತ್ರೆಯೊಂದರಲ್ಲಿ ಪಥ್ಯಾಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಮೇಲಿನ ಉತ್ತರ ಬರೆದ ಮೇಡಂ ಅವರ ಮಾತು ಸರಿಯಾಗಿದೆ. ನಾನು ನಿಮ್ಮ ಮೂರನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಪುಡಿಯ ವಿಷಯವೂ ಅದರಲ್ಲೇ ಬರುತ್ತದೆ.

ಊಟ ಬದಲಾಯಿಸಿ ಸಕ್ಕರೆ ಕಾಯಿಲೆಯನ್ನು ಹಿಮ್ಮೆಟ್ಟಿಸಬಹುದು ಎಂಬುದು ಈಗ ಬರೀ ನಂಬಿಕೆಯ ಮಾತಲ್ಲ. ಬ್ರಿಟನ್ನಿನಲ್ಲಿ ನಡೆದು 2017ರ ಕೊನೆಯಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ಚುಚ್ಚಿಕೊಳ್ಳದ, ತೂಕ ಹೆಚ್ಚಿರುವ ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಆಹಾರ ಕೊಟ್ಟು, ಆಮೇಲೆ ಹಂತಹಂತವಾಗಿ ಮಾಮೂಲು ಊಟಕ್ಕೆ ತಂದರು. ಒಂದು ವರ್ಷದ ನಂತರ ಅವರಲ್ಲಿ ಶೇ. 46ರಷ್ಟು ಮಂದಿಗೆ ಮಾತ್ರೆಯಿಲ್ಲದೆ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿತ್ತು, ಮಾಮೂಲು ಚಿಕಿತ್ಸೆಯವರಲ್ಲಿ ಇದು ಶೇ. 4 ಮಾತ್ರ. 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 86 ಮಂದಿಗೆ ಹೀಗಾಯಿತು. ಎರಡನೆಯ ವರ್ಷದ ಕೊನೆಗೆ ಒಟ್ಟಾರೆ ಪ್ರಮಾಣ ಶೇ. 36ಕ್ಕೆ ಇಳಿಯಿತು, ಏಕೆಂದರೆ ಕೆಲವರ ತೂಕ ಮರಳಿ ಬಂತು. ಯಕೃತ್ತಿನಲ್ಲಿ ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಕೂತ ಕೊಬ್ಬು ಕರಗಿದಾಗ ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದು ಇದರ ಹಿಂದಿನ ವಿವರಣೆ.

ಗಮನಿಸಬೇಕಾದ ಸಂಗತಿಯೆಂದರೆ, ಆ ಅಧ್ಯಯನದಲ್ಲಿ ಸಕ್ಕರೆಯ ಮಾತ್ರೆ, ಒತ್ತಡದ ಮಾತ್ರೆ ಎರಡನ್ನೂ ಮೊದಲ ದಿನವೇ ನಿಲ್ಲಿಸಿದ್ದರು. ಅಂದರೆ ಮಾತ್ರೆ ನಿಲ್ಲಿಸುವುದೇ ಮಹಾಪರಾಧವಲ್ಲ. ಆದರೆ ಆಹಾರವನ್ನು ಅಷ್ಟು ಕಡಿಮೆ ಮಾಡಿದ್ದರಿಂದ ನಿಲ್ಲಿಸಿದರು, ಪದೇ ಪದೇ ಪರೀಕ್ಷೆ ಮಾಡುತ್ತಿದ್ದರು, ಬೇಕಾದಾಗ ಮಾತ್ರೆಯನ್ನು ಮರಳಿ ಕೊಡುತ್ತಿದ್ದರು. ನಿಮ್ಮ ಬಡಾವಣೆಯವರು ಬಹುಶಃ ಇದೇ ಅಧ್ಯಯನವನ್ನು ತೋರಿಸಿ, ನೋಡಿ ಅಲ್ಲಿಯೂ ಪುಡಿಯನ್ನೇ ಕೊಟ್ಟಿದ್ದು ಎನ್ನಬಹುದು. ಹೌದು, ಅಲ್ಲಿ ನೀರಿನಲ್ಲಿ ಕಲಸುವ ಅಳತೆಯ ಆಹಾರವನ್ನೇ ಕೊಟ್ಟಿದ್ದರು, ಆದರೆ ಎಲ್ಲ ಊಟಕ್ಕೂ ಬದಲಾಗಿ ಮತ್ತು ಕೆಲವು ತಿಂಗಳ ಮಟ್ಟಿಗೆ. ಮನೆಯ ಊಟವನ್ನೂ ಉಂಡು ಮೇಲೆ ಪುಡಿ ಕುಡಿದರೆ ಕ್ಯಾಲೊರಿ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಅಂಥ ಡಬ್ಬಿಗಳನ್ನು ತಿರುಗಿಸಿ ಓದಿದರೆ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಸಿಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಪೂರಕ ಆಹಾರದ ಮೇಲೆ ಅದು ಇರಲೇಬೇಕು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಇಷ್ಟನ್ನು ಅವರಿಗೆ ಮೃದುವಾಗಿ ಹೇಳಿ ನೋಡಿ, ಆರು ಸಾವಿರ ಉಳಿಯಬಹುದು.

ಈಗ ನಿಮ್ಮ ಮನೆಯ ತಟ್ಟೆಗೆ ಬರೋಣ. ಜೋಳದ ರೊಟ್ಟಿ ಬಿಡಿ ಎಂದು ನಾನು ಹೇಳುವುದಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಪಿಷ್ಟವಿದ್ದರೂ ಹತ್ತು ಗ್ರಾಂ ನಾರು, ಹತ್ತು ಗ್ರಾಂ ಪ್ರೋಟೀನು ಇದೆ. ಅದೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಪಿಷ್ಟ 78 ಗ್ರಾಂ, ನಾರು ಮೂರು ಗ್ರಾಮೂ ಇಲ್ಲ. ತೊಂದರೆಯಿರುವುದು ರೊಟ್ಟಿಯಲ್ಲಲ್ಲ, ಎರಡು ರೊಟ್ಟಿ ತಿಂದ ಮೇಲೂ ಅನ್ನವಿಲ್ಲದೆ ಊಟ ಮುಗಿಯದು ಎಂಬ ರೂಢಿಯಲ್ಲಿ. ಜೊತೆಗೆ ಬೆಳಿಗ್ಗೆಯ ಅವಲಕ್ಕಿ, ಮಂಡಕ್ಕಿ ಎರಡೂ ಅಕ್ಕಿಯೇ. ಮಂಡಕ್ಕಿ ತಟ್ಟೆಯ ತುಂಬ ಕಂಡರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಸಕ್ಕರೆಯನ್ನು ಬೇಗ ಏರಿಸುತ್ತದೆ, ಹತ್ತೂವರೆಗೆ ಮತ್ತೆ ಹಸಿವು. ನೀವು ಬರೆದ ದಿನಚರಿಯಲ್ಲಿ ಬೇಳೆಕಾಳು ಕಾಣುವುದು ಸಾರಿನ ತಿಳಿಯಲ್ಲಿ ಮಾತ್ರ, ಅದೂ ತಳದಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿಲಿ ಹಾಲು ಅಥವಾ ಮೊಸರು ಇದೆ. ಅದು 2000 ಕ್ಯಾಲೊರಿಯ ಲೆಕ್ಕ. ತೂಕ ಇಳಿಸಬೇಕಾದ ನಿಮ್ಮ ತಾಯಿಯವರಿಗೆ ಅದರಲ್ಲಿ ಧಾನ್ಯವನ್ನು ಅರ್ಧದ ಹತ್ತಿರ ತಂದು, ಕಾಳು ತರಕಾರಿಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಬೆಳಿಗ್ಗೆ ಹೆಸರುಕಾಳಿನ ದೋಸೆ ಅಥವಾ ತರಕಾರಿ ತುಂಬಿದ ನವಣೆ ಉಪ್ಪಿಟ್ಟಿನ ಜೊತೆ ಒಂದು ಬಟ್ಟಲು ಮೊಳಕೆಕಾಳು. ಮಧ್ಯಾಹ್ನ ಒಂದು ರೊಟ್ಟಿ, ದೊಡ್ಡ ಬಟ್ಟಲು ಮಡಿಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ಮೆಂತ್ಯ ಅಥವಾ ಪುಂಡಿ ಸೊಪ್ಪು, ಹಸಿ ಸೌತೆ ಮೂಲಂಗಿ, ಮಜ್ಜಿಗೆ. ರಾತ್ರಿ ಬೇಗ ಇನ್ನೊಂದು ರೊಟ್ಟಿ ಮತ್ತು ಗಟ್ಟಿ ಬೇಳೆ. ಅನ್ನ ಬೇಕೇ ಬೇಕು ಎಂದ ದಿನ ರೊಟ್ಟಿಯ ಬದಲಿಗೆ ಒಂದು ಸಣ್ಣ ಬಟ್ಟಲು, ರೊಟ್ಟಿಯ ಮೇಲೆ ಅಲ್ಲ. ತರಕಾರಿ ಕಾಳುಗಳನ್ನು ಮೊದಲು ತಿಂದು ರೊಟ್ಟಿಯನ್ನು ಆಮೇಲೆ ತಿಂದರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ನಮ್ಮ ಕಡೆ ಪಲ್ಯದ ಮೇಲೆ ಧಾರಾಳವಾಗಿ ಉದುರಿಸಿಕೊಳ್ಳುವ ಶೇಂಗಾ ಚಟ್ನಿಪುಡಿಯಲ್ಲೂ ಎಣ್ಣೆ, ಉಪ್ಪು ಇದೆ ಎಂಬುದನ್ನು ಒತ್ತಡವಿರುವವರು ಮರೆಯಬಾರದು. ದಿನದ ಒಟ್ಟು ಉಪ್ಪು ಐದು ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗಿರಬೇಕು.

ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಿಗೆ ಬಿ12 ಕಡಿಮೆಯಾಗುವುದುಂಟು, ಸಸ್ಯಾಹಾರಿಗಳಿಗೆ ಇನ್ನೂ ಹೆಚ್ಚು. ಪಾದ ಜುಮ್ಮೆನ್ನುತ್ತಿದ್ದರೆ ಅದನ್ನು ಸಕ್ಕರೆಯ ತಲೆಗೇ ಕಟ್ಟದೆ ಒಮ್ಮೆ ಪರೀಕ್ಷೆ ಮಾಡಿಸಿ.

ಉತ್ತರ: ಶರಾವತಿ ಕಣಿವೆ

ನಮ್ಮ ತಂದೆಯವರನ್ನು ಇಂಥ ಒಂದು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಜೊತೆಯಲ್ಲಿ ಉಳಿದ ಅನುಭವದಿಂದ ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಬೇಡ.

ಬೆಳಗಿನ ಜಾವ ಐದಕ್ಕೆ ಗಂಟೆ, ಪ್ರಾರ್ಥನೆ, ಆಸನ, ಆಮೇಲೆ ಚಿಕಿತ್ಸೆಯ ಕೊಠಡಿ. ಹೊಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಪ್ಪು ಮಣ್ಣಿನ ಹಲಗೆಯಂಥ ಪಟ್ಟಿ ಇಟ್ಟಾಗ ಮೊದಲು ಮೈ ಜುಮ್ಮೆಂದು, ಸ್ವಲ್ಪ ಹೊತ್ತಿಗೆ ತಂದೆಯವರು ಗೊರಕೆ ಹೊಡೆಯುತ್ತಿದ್ದರು. ಮನೆಯಲ್ಲಿ ಮಾತ್ರೆ ಇಲ್ಲದೆ ನಿದ್ದೆ ಬಾರದವರು ಅಲ್ಲಿ ರಾತ್ರಿ ಒಂಬತ್ತಕ್ಕೇ ಮಲಗುತ್ತಿದ್ದರು. ಅಷ್ಟರಮಟ್ಟಿಗೆ ನನಗೆ ಆ ಪದ್ಧತಿಯ ಬಗ್ಗೆ ಗೌರವವಿದೆ.

ಆದರೆ ರಸಾಹಾರದ ದಿನ ಎಲ್ಲರಿಗೂ ಒಂದೇ ಬಗೆಯಲ್ಲಿ ನಿಂಬೆರಸಕ್ಕೆ ಜೇನು ಬೆರೆಸಿ ಕೊಡುತ್ತಿದ್ದರು. ಜೇನು ಪ್ರಕೃತಿಯದೇ ಆದರೂ ಸಕ್ಕರೆಯೇ ಅಲ್ಲವೇ ಎಂದು ಕೇಳಿದ ಮೇಲೆ ತಂದೆಯವರ ಲೋಟದಿಂದ ಜೇನು ಹೋಯಿತು, ಆದರೆ ಮಾತ್ರೆ ಮಾತ್ರ ಹಾಗೆಯೇ ಉಳಿದಿತ್ತು. ಸಂಜೆ ಯೋಗ ಸಭಾಂಗಣದಲ್ಲಿ ಕೂತವರು ಅಂಗಿ ತೊಯ್ಯುವಷ್ಟು ಬೆವತು ನನ್ನ ಮಾತಿಗೆ ಅಸಂಬದ್ಧವಾಗಿ ಉತ್ತರಿಸತೊಡಗಿದರು. ಮೀಟರಿನಲ್ಲಿ ನೋಡಿದಾಗ ಸಕ್ಕರೆ ಅರವತ್ತಕ್ಕಿಂತ ಕೆಳಗಿತ್ತು. ಅದೇ ಕೊಠಡಿಯಲ್ಲಿ ಪಕ್ಕದ ಊರಿನ ಒಬ್ಬ ಹಿರಿಯರು ತಮ್ಮ ಜೇಬಿನಿಂದ ಗ್ಲೂಕೋಸ್ ಪುಡಿಯ ಪೊಟ್ಟಣ ತೆಗೆದುಕೊಟ್ಟರು. ಕಾಲು ಗಂಟೆಯಲ್ಲಿ ಸರಿಹೋದರು. ಮೊದಲ ಉತ್ತರದಲ್ಲಿ ವೈದ್ಯರು ಬರೆದಿರುವುದು ಪುಸ್ತಕದ ಎಚ್ಚರಿಕೆಯಲ್ಲ ಎಂದು ತಿಳಿಸಲು ಇದನ್ನು ಹೇಳಿದೆ. ನೀವು ಎಲ್ಲಿಗೇ ಹೋದರೂ ಅಮ್ಮನವರ ಚೀಲದಲ್ಲಿ ಗ್ಲೂಕೋಸ್ ಪುಡಿಯೂ ಸ್ವಂತ ಮೀಟರೂ ಇರಲಿ.

ತೂಕ ಇಳಿದದ್ದನ್ನು ಕಂಡು ನಾವೆಲ್ಲ ಹಿಗ್ಗಿದ್ದೆವು. ಊರಿಗೆ ಬಂದು ಅಕ್ಕಿರೊಟ್ಟಿ, ಕಡುಬು ಶುರುವಾದ ಕೂಡಲೇ ಅದರಲ್ಲಿ ಬಹುಪಾಲು ಮರಳಿತು. ಯಾಕೆ ಹೀಗೆ ಎಂಬುದನ್ನು ತಿಳಿದವರು ಹೇಳಿದರೆ ನನಗೂ ಉಪಕಾರ.

ಉತ್ತರ: ತಾಲ್ಲೂಕು ಆಸ್ಪತ್ರೆ

ನಾನು ಎಂಬಿಬಿಎಸ್ ವೈದ್ಯ. ಶರಾವತಿ ಕಣಿವೆಯವರ ಪ್ರಶ್ನೆಗೆ ಉತ್ತರ ಸರಳ. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜೆನ್ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟಿರುತ್ತವೆ, ಪ್ರತಿ ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಉಪವಾಸದ ಮೊದಲ ದಿನಗಳಲ್ಲಿ ಖರ್ಚಾಗುವುದು ಇದೇ. ಉಪ್ಪು ಕಡಿಮೆಯಾದದ್ದರಿಂದ ಇನ್ನಷ್ಟು ನೀರು ಹೋಗುತ್ತದೆ. ಮತ್ತೆ ಉಂಡಾಗ ಅದು ತುಂಬಿಕೊಳ್ಳುತ್ತದೆ. ಇದನ್ನೇ ಕಲ್ಮಶ ಹೊರಹೋಯಿತು ಎಂದು ಹೇಳುವುದು ನನಗೆ ಒಪ್ಪಿಗೆಯಿಲ್ಲ. ರಕ್ತವನ್ನು ಸೋಸುವ ಕೆಲಸವನ್ನು ಮೂತ್ರಪಿಂಡಗಳೂ ಯಕೃತ್ತೂ ದಿನವಿಡೀ ಮಾಡುತ್ತಲೇ ಇರುತ್ತವೆ. ಅದಕ್ಕಾಗಿ ದಿನಾ ಎನಿಮಾ (ಗುದದ್ವಾರದಿಂದ ನೀರು ಏರಿಸಿ ಕರುಳು ತೊಳೆಯುವುದು) ಕೊಡಬೇಕಾಗಿಲ್ಲ. ವಯಸ್ಸಾದವರಿಗೆ ಪದೇ ಪದೇ ಕೊಟ್ಟರೆ ಲವಣಾಂಶ ಏರುಪೇರಾಗಬಹುದು.

ಎಚ್‌ಬಿಎ1ಸಿ ಎನ್ನುವುದು ಎರಡು ಮೂರು ತಿಂಗಳ ಸರಾಸರಿ. ಹತ್ತು ದಿನಕ್ಕೆ ಅದು ಹೆಚ್ಚೇನೂ ಅಲುಗುವುದಿಲ್ಲ. ಶಿಬಿರ ಮುಗಿಯುವ ದಿನ ಬೆಳಗಿನ ಸಕ್ಕರೆ 105 ಬಂತೆಂದು ಸಂಭ್ರಮಿಸುವವರು ಮೂರು ತಿಂಗಳ ನಂತರದ ವರದಿಯನ್ನು ಯಾರಿಗೂ ತೋರಿಸುವುದಿಲ್ಲ.

ಟೆಲ್ಮಿಸಾರ್ಟಾನ್ ಬಗ್ಗೆ ಇದುವರೆಗೆ ಯಾರೂ ಬರೆದಿಲ್ಲ. ಅದು ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವಂತೆ ಮಾಡುತ್ತದೆ. ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿರುವವರು ಅದರ ಜೊತೆಗೆ ದಿನಕ್ಕೆ ಎರಡು ಮೂರು ಲೋಟ ಎಳನೀರು, ಸೊಪ್ಪಿನ ರಸ, ಹಣ್ಣಿನ ರಸ ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಎಳನೀರು ಯಾರಿಗೂ ಕೆಡುಕು ಮಾಡದು ಎಂಬ ಮಾತು ಇಲ್ಲಿ ಸಲ್ಲದು. ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್, ಇವನ್ನು ಮೊದಲು ಮಾಡಿಸಿ. ಆಹಾರ ತೀರಾ ಕಡಿಮೆಯಾದಾಗ ಒತ್ತಡವೂ ಇಳಿದು ಎದ್ದು ನಿಂತರೆ ತಲೆ ಸುತ್ತುವುದುಂಟು, ಆಗ ಈ ಮಾತ್ರೆಯ ಪ್ರಮಾಣವನ್ನೂ ನೋಡಬೇಕಾಗುತ್ತದೆ.

ಇನ್ನೊಂದು, ಸೋರೆಕಾಯಿ ರಸ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವವರು ಬಹಳ ಜನ ಇದ್ದಾರೆ. ಕಾಯಿ ಕಹಿಯಿದ್ದರೆ ಅದರಲ್ಲಿ ಕುಕರ್ಬಿಟಾಸಿನ್ ಎಂಬ ವಿಷಾಂಶವಿರುತ್ತದೆ. ರಕ್ತವಾಂತಿಯಾಗಿ ಸತ್ತವರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪತ್ರಿಕೆಯಲ್ಲಿ 2012ರಲ್ಲಿ ಪ್ರಕಟವಾದ ತಜ್ಞರ ಸಮಿತಿಯ ವರದಿ, ರಸ ತೆಗೆಯುವ ಮೊದಲು ಒಂದು ಚೂರು ನಾಲಿಗೆಗೆ ಹಚ್ಚಿ ನೋಡಬೇಕು, ಕಹಿಯಾದರೆ ಎಸೆಯಬೇಕು, ಬೇರೆ ರಸದೊಂದಿಗೆ ಬೆರೆಸಬಾರದು ಎಂದು ಹೇಳಿದೆ. ಹಾಗಲಕಾಯಿಯ ರಸ ಬೆರೆಸಿಬಿಟ್ಟರೆ ಯಾವ ಕಹಿ ಯಾವುದರದ್ದೆಂದು ಗೊತ್ತಾಗುವುದಾದರೂ ಹೇಗೆ?

ಒಟ್ಟಿನಲ್ಲಿ ನನ್ನ ಅಭಿಪ್ರಾಯದಲ್ಲಿ ಆ ಹಣವನ್ನು ಕೇಂದ್ರಕ್ಕೆ ಕೊಡುವ ಬದಲು ಪರೀಕ್ಷೆಗಳಿಗೂ ಒಬ್ಬ ಪಥ್ಯಾಹಾರ ತಜ್ಞರಿಗೂ ಖರ್ಚು ಮಾಡುವುದು ಮೇಲು.

ಉತ್ತರ: ಮಣ್ಣುಪಟ್ಟಿ

ತಾಲ್ಲೂಕು ಆಸ್ಪತ್ರೆಯ ವೈದ್ಯರು ಪೊಟ್ಯಾಸಿಯಂ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಕಲ್ಮಶದ ಮಾತಿನಲ್ಲಿ ನಮ್ಮವರ ಭಾಷೆ ಸಡಿಲವಾಗಿದೆ ಎಂಬುದೂ ನಿಜ. ನಾನು ಎನಿಮಾವನ್ನು ಮಲಬದ್ಧತೆ ಇರುವವರಿಗೆ ಮಾತ್ರ, ಅದೂ ಆರಂಭದ ದಿನಗಳಲ್ಲಿ ಬರೆಯುತ್ತೇನೆ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುವ ಸಕ್ಕರೆ ರೋಗಿಗಳಿಗೆ ಬಿಸಿನೀರಿನ ಪಾದಸ್ನಾನ ಕೊಡುವುದಿಲ್ಲ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಆದರೆ ಅವರ ಕೊನೆಯ ಮಾತಿಗೆ ನನ್ನ ತಕರಾರಿದೆ. ಪಥ್ಯದ ಚೀಟಿಯನ್ನು ಆಸ್ಪತ್ರೆಯಿಂದ ಪಡೆದು ಮನೆಗೆ ಹೋಗಿ ಡಬ್ಬಿಯ ಹಿಂದೆ ಸಿಕ್ಕಿಸಿಟ್ಟ ಎಷ್ಟೋ ಜನ ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಏನು ತಿನ್ನಬೇಕೆಂದು ಗೊತ್ತಿಲ್ಲದೆ ಇಲ್ಲ. ಮೂವತ್ತು ವರ್ಷ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಚೆಲ್ಲಬಾರದೆಂದು ತಾವೇ ತಿಂದ ಹೆಂಗಸಿಗೆ, ಯಾರೋ ಅಳತೆಯಾಗಿ ಬೇಯಿಸಿ ಮುಂದಿಟ್ಟ ಊಟವನ್ನು ನಿಧಾನವಾಗಿ ಕೂತು ಉಣ್ಣುವುದೇ ಒಂದು ಹೊಸ ಅನುಭವ. ಉಪ್ಪು ಕಡಿಮೆಯಾದ ಪಲ್ಯ ಮೊದಲ ದಿನ ಸಪ್ಪೆ ಎನಿಸಿದ್ದು ಬರಬರುತ್ತಾ ರುಚಿಸುತ್ತದೆ, ಸಂಜೆಯ ಬಿಸ್ಕತ್ತಿಲ್ಲದೆಯೂ ಇರಬಹುದೆಂದು ತಿಳಿಯುತ್ತದೆ. ಇದನ್ನು ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಕಲಿಸಲು ಬರುವುದಿಲ್ಲ. ಹಾಗೆಂದು ಹತ್ತು ದಿನದಲ್ಲಿ ರೋಗ ವಾಸಿಯಾಗುತ್ತದೆಂದು ನಾನೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಹಿಮ್ಮೆಟ್ಟಿತು ಎನ್ನಬೇಕಾದರೆ ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇರಬೇಕೆಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡ ಅಳತೆಯಿದೆ, ನಾವೂ ಅದನ್ನೇ ಹಿಡಿಯಬೇಕು.

ಬೆಣ್ಣೆನಗರಿ

ಎಲ್ಲರಿಗೂ ಧನ್ಯವಾದಗಳು. ಅಮ್ಮನಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಬಡಿಸಿ ಉಳಿದದ್ದನ್ನು ತಿನ್ನುವ ಮಾತು ಬಂದಾಗ ಅವರು ನಕ್ಕರು, ಅಷ್ಟೇ. ಎಳನೀರಿನ ವಿಷಯಕ್ಕೆ ಮಾತ್ರ ಬಹಳ ಬೇಸರಪಟ್ಟರು. ಪುಡಿಯವರಿಗೆ ಬೇಡವೆಂದು ತಿಳಿಸಿದ್ದೇವೆ. ರಕ್ತ ಮತ್ತು ಮೂತ್ರದ ಪರೀಕ್ಷೆಗೆ ಕೊಟ್ಟಿದ್ದೇವೆ. ವರದಿ ನೋಡಿ, ನಮ್ಮ ವೈದ್ಯರನ್ನು ಕೇಳಿ, ಕೇಂದ್ರಕ್ಕೆ ಹೋಗುವುದನ್ನು ಆಮೇಲೆ ತೀರ್ಮಾನಿಸುತ್ತೇವೆ. ಅಲ್ಲಿಯವರೆಗೆ ರೊಟ್ಟಿಬುಟ್ಟಿಯವರು ಹೇಳಿದಂತೆ ಊಟ ಬದಲಾಯಿಸುತ್ತೇವೆ. ಒಂದು ಸಂದೇಹ ಉಳಿದಿದೆ. ಮನೆಯಲ್ಲೇ ಧಾನ್ಯ ಅರ್ಧ ಮಾಡಿದರೂ ಗ್ಲಿಮೆಪಿರೈಡ್ ತೊಂದರೆ ಕೊಡುವುದೇ? ಮೀಟರಿನಲ್ಲಿ ಯಾವ ಯಾವ ಹೊತ್ತಿಗೆ ನೋಡಬೇಕು?

ಉತ್ತರ: ರೊಟ್ಟಿಬುಟ್ಟಿ (ಹುಬ್ಬಳ್ಳಿ)

ಕೊಡಬಹುದು. ಆದ್ದರಿಂದ ಊಟ ಬದಲಾಯಿಸುವ ದಿನಕ್ಕಿಂತ ಮೊದಲೇ ನಿಮ್ಮ ವೈದ್ಯರಿಗೆ, ಇಂಥ ದಿನದಿಂದ ಅನ್ನ ರೊಟ್ಟಿ ಅರ್ಧವಾಗುತ್ತದೆ, ಗ್ಲಿಮೆಪಿರೈಡ್ ಎಷ್ಟು ಇಳಿಸೋಣ ಎಂದು ನೇರವಾಗಿ ಕೇಳಿ. ಬರೀ ಪಥ್ಯ ಮಾಡುತ್ತೇವೆ ಎಂದರೆ ಅವರು ಸಿಹಿ ಬಿಡುವುದೆಂದಷ್ಟೇ ತಿಳಿದು ಹಳೆಯ ಚೀಟಿಯನ್ನೇ ಮುಂದುವರಿಸುವ ಸಾಧ್ಯತೆಯಿದೆ.

ಮೊದಲ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಬೆಳಿಗ್ಗೆ ನುಂಗಿದ ಗ್ಲಿಮೆಪಿರೈಡ್ ದಿನವಿಡೀ ಕೆಲಸ ಮಾಡುವುದರಿಂದ ಮಧ್ಯಾಹ್ನದ ಊಟ ತಡವಾದ ದಿನ ಮತ್ತು ಹೆಚ್ಚು ನಡೆದ ದಿನ ಹೆಚ್ಚಿನ ಗಮನವಿರಲಿ. ವಾರಕ್ಕೆರಡು ದಿನ ಊಟ ಶುರು ಮಾಡಿ ಎರಡು ಗಂಟೆಯಾದ ಮೇಲೂ ನೋಡಿದರೆ ಯಾವ ತಿಂಡಿಗೆ ಎಷ್ಟು ಏರುತ್ತದೆಂದು ಅಮ್ಮನವರಿಗೇ ತಿಳಿಯುತ್ತದೆ. ಮಂಡಕ್ಕಿಯ ದಿನ ಮತ್ತು ಹೆಸರುಕಾಳಿನ ದೋಸೆಯ ದಿನ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ, ನನ್ನ ಮಾತಿಗಿಂತ ಅದು ಹೆಚ್ಚು ನಾಟುತ್ತದೆ. 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲವಾದರೆ ಇನ್ನೊಮ್ಮೆ ಕೊಡಿ, ಸರಿಹೋದ ಮೇಲೆ ಏನಾದರೂ ತಿನ್ನಿಸಿ, ಅದೇ ದಿನ ವೈದ್ಯರಿಗೆ ತಿಳಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ 108ಕ್ಕೆ ಕರೆ ಮಾಡಿ.

ಎಳನೀರಿನ ಬಗ್ಗೆ ಬೇಸರ ಬೇಡ. ಕ್ರಿಯಾಟಿನಿನ್, ಪೊಟ್ಯಾಸಿಯಂ ವರದಿ ಸರಿಯಾಗಿ ಬಂದರೆ ಆಗೊಮ್ಮೆ ಈಗೊಮ್ಮೆ ಒಂದು ಎಳನೀರು ಕುಡಿಯಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ, ವೈದ್ಯರನ್ನು ಒಂದು ಮಾತು ಕೇಳಿಕೊಳ್ಳಿ. ವರದಿ ಬಂದ ಮೇಲೆ ಇಲ್ಲಿ ಬರೆಯಿರಿ, ಧಾನ್ಯದ ಅಳತೆಯನ್ನು ಅದನ್ನು ನೋಡಿ ಹೇಳುತ್ತೇನೆ.